ಪೀಸ್ ಪುಡಿಂಗ್: ಇಂಗ್ಲೆಂಡಿನ ಬಟಾಣಿ ಬೇಳೆಯ ಹಳೆಯ ಅಡುಗೆಯನ್ನು ಮನೆಯಲ್ಲಿ ಮಾಡುವ ಕ್ರಮ

ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ, ಅಂದರೆ ನ್ಯೂಕ್ಯಾಸಲ್, ಸಂಡರ್‌ಲೆಂಡ್, ಸೌತ್ ಶೀಲ್ಡ್ಸ್ ಮತ್ತು ಡರ್ಹಮ್ ಊರುಗಳ ಮಾಂಸದಂಗಡಿಗಳಲ್ಲಿ, ಬೇಯಿಸಿದ ಹ್ಯಾಮ್‌ನ ಪಕ್ಕದಲ್ಲಿ ಮಾಸಲು ಹಳದಿ ಬಣ್ಣದ, ಗಟ್ಟಿಯಾದ ಮುದ್ದೆಯಂಥ ಪದಾರ್ಥವೊಂದು ಇಂದಿಗೂ ಮಾರಾಟಕ್ಕಿರುತ್ತದೆ. ಅದೇ ಪೀಸ್ ಪುಡಿಂಗ್. ಹೆಸರಿನಲ್ಲಿ ಪುಡಿಂಗ್ ಎಂದಿದ್ದರೂ ಇದರಲ್ಲಿ ಸಕ್ಕರೆಯಿಲ್ಲ, ಹಾಲಿಲ್ಲ. ಹಳದಿ ಬಟಾಣಿ ಬೇಳೆಯನ್ನು, ಉಪ್ಪಿನಲ್ಲಿ ಹದಗೊಳಿಸಿದ ಹಂದಿಮಾಂಸ ಬೆಂದ ನೀರಿನಲ್ಲಿಯೇ ಬೇಯಿಸಿ, ಬೆಣ್ಣೆ ಮತ್ತು ಕಾಳುಮೆಣಸಿನ ಪುಡಿ ಸೇರಿಸಿ ಮಸೆದರೆ ಅಡುಗೆ ಮುಗಿಯಿತು. ಮೀನು ಮತ್ತು ಆಲೂಗಡ್ಡೆ ಚಿಪ್ಸ್ ಜೊತೆಗೆ ಕೊಡುವ ಹಸಿರು ಬಣ್ಣದ ‘ಮಷಿ ಪೀಸ್’ ಬೇರೆಯದು. ಅದಕ್ಕೆ ಸಿಪ್ಪೆಸಹಿತವಾದ ದೊಡ್ಡ ಬಟಾಣಿಯನ್ನು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ನೆನೆಸುತ್ತಾರೆ. ಎರಡನ್ನೂ ಒಂದೇ ಎಂದು ತಿಳಿದು ಬೇಳೆ ಕೊಳ್ಳಬಾರದು.

ಈ ಅಡುಗೆಯ ಹಿನ್ನೆಲೆ ತಿಳಿದರೆ ಕ್ರಮವೂ ಸುಲಭವಾಗಿ ಅರ್ಥವಾಗುತ್ತದೆ. ಆಲೂಗಡ್ಡೆ ಇಂಗ್ಲೆಂಡಿನ ಬಡವರ ನಿತ್ಯದ ಊಟವಾಗುವುದಕ್ಕಿಂತ ಮೊದಲು, ಚಳಿಗಾಲ ಕಳೆಯಲು ಅಲ್ಲಿನ ಹಳ್ಳಿಗರಿಗೆ ಒಣಗಿಸಿಟ್ಟ ಬಟಾಣಿಯೇ ದೊಡ್ಡ ಆಸರೆಯಾಗಿತ್ತು. ಮಧ್ಯಯುಗದಲ್ಲಿ ಅದನ್ನು ಗಂಜಿಯಂತೆ ಬೇಯಿಸಿ ತಿನ್ನುತ್ತಿದ್ದರು. 17ನೆಯ ಶತಮಾನದಲ್ಲಿ ಪದಾರ್ಥವನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯುವ ನೀರಿಗೆ ಇಳಿಬಿಡುವ ಪದ್ಧತಿ ಬಳಕೆಗೆ ಬಂದ ಮೇಲೆ, ಅದೇ ಬಟಾಣಿ ಉಂಡೆಯ ಆಕಾರ ಪಡೆದು ಪುಡಿಂಗ್ ಎನಿಸಿಕೊಂಡಿತು. ಒಂದೇ ಒಲೆ, ಒಂದೇ ದೊಡ್ಡ ಪಾತ್ರೆ ಇರುವ ಮನೆಯಲ್ಲಿ ಇದಕ್ಕಿಂತ ಜಾಣತನದ ಏರ್ಪಾಡು ಇಲ್ಲ: ತಳದಲ್ಲಿ ಹ್ಯಾಮ್, ಸುತ್ತಲೂ ಕ್ಯಾರೆಟ್ ಮತ್ತು ಈರುಳ್ಳಿ, ಮೇಲೆ ಬಟ್ಟೆಯ ಗಂಟಿನಲ್ಲಿ ಬೇಳೆ. ಮಾಂಸದ ಉಪ್ಪು ನೀರಿಗೆ ಇಳಿಯುತ್ತದೆ, ಆ ಉಪ್ಪುನೀರನ್ನು ಬೇಳೆ ಹೀರುತ್ತದೆ, ಒಂದೇ ಉರಿಯಲ್ಲಿ ಇಡೀ ಮನೆಗೆ ಊಟವಾಗುತ್ತದೆ.

ಆದ್ದರಿಂದ ಈ ಅಡುಗೆಯ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ರುಚಿ ಬರುವುದು ಬೇಳೆಯ ಸಹಜವಾದ ಸಿಹಿ ಮತ್ತು ಮಾಂಸದ ನೀರಿನ ಉಪ್ಪು, ಇವೆರಡರಿಂದ ಮಾತ್ರ. ನಮ್ಮ ತೊವ್ವೆಗೆ ಹತ್ತಿರವಾದ ಪದಾರ್ಥವಾದ್ದರಿಂದ ಒಂದು ಚಿಟಿಕೆ ಅರಿಶಿನ, ಸ್ವಲ್ಪ ಇಂಗು, ಕೊನೆಗೊಂದು ಒಗ್ಗರಣೆ ಎಂದು ಕೈ ತಾನಾಗಿಯೇ ಮಸಾಲೆ ಡಬ್ಬಿಯ ಕಡೆಗೆ ಹೋಗುತ್ತದೆ. ಹಾಗೆ ಮಾಡಿದರೆ ಚೆನ್ನಾದ ತೊವ್ವೆ ಸಿಗಬಹುದು, ಪೀಸ್ ಪುಡಿಂಗ್ ಮಾತ್ರ ಸಿಗುವುದಿಲ್ಲ. ಮಸಾಲೆಯ ಬದಲು ಇದು ಕೇಳುವುದು ಸಣ್ಣ ಉರಿ ಮತ್ತು ತಾಳ್ಮೆಯನ್ನು.

ಬೇಳೆಯ ಆಯ್ಕೆ

ಬೇಕಾದದ್ದು ಸಿಪ್ಪೆ ತೆಗೆದು ಒಡೆದ ಹಳದಿ ಬಟಾಣಿ. ಕರ್ನಾಟಕದ ಕಿರಾಣಿ ಅಂಗಡಿಗಳಲ್ಲಿ ಬಟಾಣಿ ಬೇಳೆ ಎಂದು ಕೇಳಿದರೆ ಕೊಡುತ್ತಾರೆ. ಆದರೆ ಕಡಲೆಬೇಳೆಯೂ ಇದೇ ಬಣ್ಣದ್ದಾದ್ದರಿಂದ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಒಳ್ಳೆಯದು. ಬಟಾಣಿ ಬೇಳೆಯ ಬೆನ್ನು ನುಣುಪಾಗಿ, ಅರ್ಧ ಗೋಲಿಯಂತೆ ದುಂಡಗಿರುತ್ತದೆ. ಕಡಲೆಬೇಳೆಯ ಮೈ ಉಬ್ಬುತಗ್ಗಾಗಿದ್ದು, ಒಂದು ತುದಿಯಲ್ಲಿ ಸಣ್ಣ ಮೂತಿಯಿರುತ್ತದೆ. ಈ ಅಡುಗೆಯಲ್ಲಿ ಕಡಲೆಬೇಳೆ ಬಟಾಣಿ ಬೇಳೆಯ ಕೆಲಸ ಮಾಡಲಾರದು, ಏಕೆಂದರೆ ಅದು ಎಷ್ಟು ಬೆಂದರೂ ಕಾಳುಕಾಳಾಗಿಯೇ ಉಳಿಯುತ್ತದೆ, ತಾನಾಗಿ ಕರಗಿ ಒಂದಾಗುವುದಿಲ್ಲ. ಹಸಿರು ಬಟಾಣಿಯ ಬೇಳೆಯನ್ನೂ ಕೆಲವರು ಬಳಸುತ್ತಾರೆ. ತಿನ್ನಲು ಅಡ್ಡಿಯಿಲ್ಲ, ಆದರೆ ಈಶಾನ್ಯ ಇಂಗ್ಲೆಂಡಿನವರು ಪೀಸ್ ಪುಡಿಂಗ್ ಎಂದು ಗುರುತಿಸುವುದು ಹಳದಿಯದನ್ನೇ.

ಬೇಳೆಯ ವಯಸ್ಸು ಬಹಳ ಮುಖ್ಯ. ಭಾರತದ ಮಾರುಕಟ್ಟೆಗೆ ಬರುವ ಹಳದಿ ಬಟಾಣಿಯಲ್ಲಿ ಹೆಚ್ಚಿನ ಪಾಲು ಕೆನಡಾ ಮತ್ತು ರಷ್ಯಾದಿಂದ ಬರುತ್ತದೆ. ಹಡಗಿನಲ್ಲಿ, ಉಗ್ರಾಣದಲ್ಲಿ, ಅಂಗಡಿಯ ಚೀಲದಲ್ಲಿ ತಿಂಗಳುಗಟ್ಟಲೆ ಕಳೆದು ಬಂದ ಬೇಳೆ ಎಷ್ಟು ಹೊತ್ತು ಕುದಿದರೂ ನಡುವೆ ಗಟ್ಟಿಯಾಗಿಯೇ ಇರುವುದುಂಟು. ಬಣ್ಣ ಮಂಕಾಗಿ, ಮೈಮೇಲೆ ಹಿಟ್ಟಿನಂಥ ಪುಡಿ ಕುಳಿತ ಬೇಳೆಯನ್ನು ಬಿಟ್ಟು, ಹೆಚ್ಚು ಮಾರಾಟವಾಗುವ ಅಂಗಡಿಯಿಂದ ತರುವುದು ಲೇಸು. ಕೊಳವೆಬಾವಿಯ ಗಡಸು ನೀರೂ ಇದೇ ತೊಂದರೆ ಕೊಡುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯ ಕೋಶಗಳ ನಡುವಣ ಅಂಟನ್ನು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿರುವವರೂ, ಸುಣ್ಣದ ಅಂಶ ಹೆಚ್ಚಿರುವ ನೀರು ಬರುವ ಲಂಡನ್ನಿನ ಕನ್ನಡಿಗರೂ ಸೋಸಿದ ಕುಡಿಯುವ ನೀರನ್ನೇ ಬಳಸಿದರೆ ಅರ್ಧ ಗಂಟೆಯಷ್ಟು ಹೊತ್ತು ಉಳಿಯುತ್ತದೆ. ಅನಿವಾರ್ಯವಾದರೆ ಒಂದು ಸಣ್ಣ ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಅದಕ್ಕಿಂತ ಹೆಚ್ಚಾದರೆ ಬಾಯಿಗೆ ಸಾಬೂನಿನ ರುಚಿ ಬರುತ್ತದೆ.

6 ಜನರ ಊಟಕ್ಕೆ 250 ಗ್ರಾಂ ಬೇಳೆ ಸಾಕು. ಎರಡು ಮೂರು ಸಲ ತೊಳೆದು, ಹೇರಳವಾಗಿ ನೀರು ಹಾಕಿ ರಾತ್ರಿಯಿಡೀ ನೆನೆಸಿಡಿ. ಸಿಪ್ಪೆಯಿಲ್ಲದ ಬೇಳೆಗೆ ನೆನೆಸುವುದು ಕಡ್ಡಾಯವಲ್ಲ, ಆದರೆ ನೆನೆದ ಬೇಳೆ ಎಲ್ಲ ಕಡೆಯೂ ಸಮನಾಗಿ ಬೇಯುತ್ತದೆ. ಬಟ್ಟೆಯಲ್ಲಿ ಕಟ್ಟುವುದಾದರಂತೂ ನೆನೆಸದೆ ಆಗುವುದೇ ಇಲ್ಲ.

ಮಾಂಸ ಮತ್ತು ಅದು ಬೇಯುವ ನೀರು

ಇಂಗ್ಲೆಂಡಿನಲ್ಲಿ ಇದಕ್ಕೆ ಬಳಸುವುದು ಹ್ಯಾಮ್ ಹಾಕ್, ಎಂದರೆ ಹಂದಿಯ ಕಾಲಿನಲ್ಲಿ ಪಾದಕ್ಕಿಂತ ಸ್ವಲ್ಪ ಮೇಲಿನ, ಮೂಳೆ ಮತ್ತು ಚರ್ಮಸಹಿತವಾದ, ಉಪ್ಪಿನಲ್ಲಿ ಹದಗೊಳಿಸಿದ ತುಂಡು. ಅದು ಅಗ್ಗದ್ದು, ಮತ್ತು ಈ ಅಡುಗೆಗೆ ದುಬಾರಿ ಮಾಂಸಕ್ಕಿಂತ ಅದೇ ಮೇಲು. ಆ ಚರ್ಮ, ಮೂಳೆ, ಕೀಲುಗಳಿಂದ ಇಳಿಯುವ ಜೆಲಾಟಿನ್ ನೀರಿಗೆ ಮೈ ಕೊಡುತ್ತದೆ. ಆರಿದ ಮೇಲೆ ಪುಡಿಂಗ್ ಕತ್ತರಿಸುವಷ್ಟು ಗಟ್ಟಿಯಾಗಿ ನಿಲ್ಲುವುದರಲ್ಲಿ ಅದರ ಪಾಲೂ ಇದೆ. ಸುಮಾರು 1 ಕಿಲೋ ತೂಕದ ಒಂದು ತುಂಡು ಸಾಕು.

ಕರ್ನಾಟಕದಲ್ಲಿ ಹದಗೊಳಿಸಿದ ಹ್ಯಾಮ್ ಹಾಕ್ ಎಲ್ಲ ಕಡೆ ಸಿಗುವುದಿಲ್ಲ. ಬೆಂಗಳೂರಿನ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲಿ ಮುಂಚಿತವಾಗಿ ಹೇಳಿಟ್ಟರೆ ತರಿಸಿಕೊಡುವವರಿದ್ದಾರೆ. ಹಂದಿಮಾಂಸದ ಅಡುಗೆ ರೂಢಿಯಲ್ಲಿರುವ ಕೊಡಗು ಮತ್ತು ಮಂಗಳೂರಿನ ಕಡೆ ತಾಜಾ ಕಾಲಿನ ತುಂಡನ್ನು ಚರ್ಮಸಹಿತ ತಂದು ಮನೆಯಲ್ಲೇ ಉಪ್ಪುನೀರಿನಲ್ಲಿ ಇಡಬಹುದು. 1 ಲೀಟರ್ ನೀರಿಗೆ 60 ಗ್ರಾಂ ಉಪ್ಪು, 1 ಚಮಚ ಸಕ್ಕರೆ, ಕೆಲವು ಮೆಣಸಿನ ಕಾಳು ಹಾಕಿ ಕುದಿಸಿ, ಪೂರ್ತಿ ತಣ್ಣಗಾದ ಮೇಲೆ ಮಾಂಸವನ್ನು ಅದರಲ್ಲಿ ಮುಳುಗಿಸಿ, 2 ದಿನ ಫ್ರಿಜ್ಜಿನಲ್ಲಿಡಿ. ಹೊರಗಡೆ ಎಂದಿಗೂ ಇಡಬಾರದು. ಹೀಗೆ ಮಾಡಿದ ಮಾಂಸ ಅಂಗಡಿಯ ಹ್ಯಾಮ್‌ನಂತೆ ಗುಲಾಬಿ ಬಣ್ಣಕ್ಕೆ ಬರುವುದಿಲ್ಲ, ಏಕೆಂದರೆ ಆ ಬಣ್ಣ ಬರುವುದು ನೈಟ್ರೈಟ್ ಬೆರೆತ ಉಪ್ಪಿನಿಂದ. ರುಚಿಯೂ ಅಂಗಡಿಯ ಹ್ಯಾಮ್‌ಗಿಂತ ಸ್ವಲ್ಪ ಬೇರೆಯಾಗಿರುತ್ತದೆ, ಆದರೆ ಈ ಅಡುಗೆಗೆ ಸಾಕಾಗುತ್ತದೆ.

ಅಂಗಡಿಯಿಂದ ತಂದ ಹ್ಯಾಮ್ ಎಷ್ಟು ಉಪ್ಪಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಹಿಂದಿನ ದಿನವೇ ತಣ್ಣೀರಿನಲ್ಲಿ ಮುಳುಗಿಸಿಟ್ಟು, ನಡುವೆ ಒಮ್ಮೆ ನೀರು ಬದಲಿಸುವುದು ಹಳೆಯ ಕ್ರಮ. ಸಮಯವಿಲ್ಲದಿದ್ದರೆ ಹೊಸ ನೀರಿನಲ್ಲಿಟ್ಟು ಒಂದು ಕುದಿ ಬರಿಸಿ, ಆ ನೀರಿನ ಒಂದು ಚಮಚ ಆರಿಸಿ ಬಾಯಿಗೆ ಹಾಕಿಕೊಳ್ಳಿ. ಸಾರಿನಷ್ಟು ಉಪ್ಪಿದ್ದರೆ ಸರಿ, ಅದಕ್ಕಿಂತ ಹೆಚ್ಚೆನಿಸಿದರೆ ಪೂರ್ತಿ ಚೆಲ್ಲಿ ಬೇರೆ ನೀರು ಹಾಕಿ. ಮುಂದೆ ಈ ನೀರು ಬತ್ತುತ್ತಾ ಹೋಗಿ, ಅದರಲ್ಲಿರುವ ಉಪ್ಪೆಲ್ಲ ಬೇಳೆಗೆ ಸೇರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ರುಚಿ ನೋಡಬೇಕು. ಈ ಅಡುಗೆ ಕೆಡುವುದಾದರೆ ಬಹುಮಟ್ಟಿಗೆ ಇಲ್ಲಿಯೇ ಕೆಡುತ್ತದೆ.

ಈಗ ದೊಡ್ಡ ಪಾತ್ರೆಯಲ್ಲಿ ಮಾಂಸವನ್ನಿಟ್ಟು, ಅದು ಮುಳುಗುವಷ್ಟು, ಅಂದರೆ ಸುಮಾರು 2.5 ಲೀಟರ್ ನೀರು ಹಾಕಿ. ಒಂದು ಈರುಳ್ಳಿಯನ್ನು ಸಿಪ್ಪೆ ತೆಗೆದು ಇಡಿಯಾಗಿ ಹಾಕಿ, ಅದಕ್ಕೆ 2 ಲವಂಗ ಚುಚ್ಚಿರಿ. 2 ಕ್ಯಾರೆಟ್, ಸಿಕ್ಕರೆ ಒಂದು ದಂಟು ಸೆಲರಿ, 10 ಮೆಣಸಿನ ಕಾಳು ಸೇರಿಸಿ. ಇಂಗ್ಲಿಷ್ ಅಡುಗೆಯ ಬೇ ಎಲೆಯೂ ನಮ್ಮ ಪಲಾವ್ ಎಲೆಯೂ ಒಂದೇ ಅಲ್ಲ. ಉದ್ದಕ್ಕೆ ಮೂರು ನರಗಳಿರುವ ನಮ್ಮ ಎಲೆಗೆ ದಾಲ್ಚಿನ್ನಿಯ ವಾಸನೆಯಿದೆ, ಅದು ಈ ಪಾತ್ರೆಗೆ ಹೊಂದುವುದಿಲ್ಲ. ನಡುವೆ ಒಂದೇ ನರವಿರುವ ಯುರೋಪಿನ ಬೇ ಎಲೆ ಸಿಗದಿದ್ದರೆ ಎಲೆಯನ್ನೇ ಬಿಟ್ಟುಬಿಡುವುದು ಮೇಲು. ಕುದಿ ಬಂದಾಗ ಮೇಲೇಳುವ ಬೂದುಬಣ್ಣದ ನೊರೆಯನ್ನು ಸೌಟಿನಿಂದ ತೆಗೆದು, ಉರಿಯನ್ನು ತೀರ ಸಣ್ಣದು ಮಾಡಿ, ಮುಚ್ಚಳವನ್ನು ಓರೆಯಾಗಿಟ್ಟು ಎರಡೂವರೆಯಿಂದ ಮೂರು ಗಂಟೆ ಬೇಯಲು ಬಿಡಿ. ಮೂಳೆಯನ್ನು ಹಿಡಿದು ತಿರುಗಿಸಿದರೆ ಅದು ಮಾಂಸದಿಂದ ಬಿಟ್ಟುಬರುವ ಹದವೇ ಸರಿಯಾದ ಹದ.

ಬೇಳೆ ಬೇಯಿಸುವುದು

ಬಟ್ಟೆಯ ಕ್ರಮ ಹಳೆಯದು, ಪಾತ್ರೆಯ ಕ್ರಮ ಇಂದಿನದು. ಮೊದಲ ಸಲ ಮಾಡುವವರಿಗೆ ಪಾತ್ರೆಯ ಕ್ರಮವನ್ನೇ ಹೇಳುತ್ತೇನೆ, ಏಕೆಂದರೆ ಬೇಳೆ ಯಾವ ಯಾವ ಹಂತ ದಾಟಿ ಪುಡಿಂಗ್ ಆಗುತ್ತದೆ ಎಂಬುದು ಅದರಲ್ಲಿ ಕಣ್ಣಿಗೆ ಕಾಣಿಸುತ್ತದೆ.

ಮಾಂಸವನ್ನು ಹೊರತೆಗೆದು, ನೀರನ್ನು ಸೋಸಿಕೊಳ್ಳಿ. ನೆನೆದ ಬೇಳೆಯ ನೀರು ಬಸಿದು, ದಪ್ಪ ತಳದ ಪಾತ್ರೆಗೆ ಹಾಕಿ, ಸೋಸಿದ ಬಿಸಿ ನೀರಿನಲ್ಲಿ 900 ಮಿಲಿಲೀಟರ್ ಸುರಿಯಿರಿ. ಉಳಿದದ್ದನ್ನು ಪಕ್ಕದಲ್ಲಿಟ್ಟುಕೊಳ್ಳಿ, ಬೇಕಾಗುತ್ತದೆ. ಕುದಿ ಬರುವಾಗ ಬಿಳಿ ನೊರೆ ಉಕ್ಕಿ ಬರುತ್ತದೆ. ಅದನ್ನು ತೆಗೆದು ಉರಿ ತಗ್ಗಿಸಿ. ಮೊದಲ ಅರ್ಧ ಗಂಟೆ ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ಆಮೇಲೆ ಬೇಳೆಯ ಅಂಚುಗಳು ನಾರುನಾರಾಗಿ ಬಿಡತೊಡಗಿ, ತಿಳಿಯಾಗಿದ್ದ ನೀರು ಕದಡುತ್ತದೆ. ಈ ಹೊತ್ತಿಗೆ ಒಂದು ಬೇಳೆಯನ್ನು ಎರಡು ಬೆರಳ ನಡುವೆ ಒತ್ತಿ ನೋಡಿದರೆ, ಸುತ್ತಲೂ ಮೆತ್ತಗಾಗಿದ್ದರೂ ನಡುವೆ ಬಿಳಿಯ ಚುಕ್ಕೆಯೊಂದು ಗಟ್ಟಿಯಾಗಿ ಉಳಿದಿರುತ್ತದೆ. ಆ ಚುಕ್ಕೆ ಪೂರ್ತಿ ಮಾಯವಾಗುವವರೆಗೂ ಮಸೆಯಬಾರದು. ಅವಸರಪಟ್ಟು ಮಸೆದರೆ ಕಾಳಿನ ತುಣುಕುಗಳು ಪುಡಿಂಗ್‌ನಲ್ಲಿ ಮರಳಿನಂತೆ ನಾಲಿಗೆಗೆ ತಗಲುತ್ತವೆ, ಮತ್ತೆಷ್ಟು ಕುದಿಸಿದರೂ ಅವು ಹೋಗುವುದು ಕಷ್ಟ.

ಒಂದು ಗಂಟೆಯ ನಂತರ ಪಾತ್ರೆಯ ಮುಂದೆಯೇ ನಿಲ್ಲಬೇಕು. ಬೇಳೆ ಕರಗಿ ದಪ್ಪವಾದಂತೆ ತಳ ಹಿಡಿಯಲು ಶುರುವಾಗುತ್ತದೆ. ಗುಳ್ಳೆಗಳು ಒಡೆದು ಬಿಸಿ ಹನಿಗಳು ಕೈಗೆ ಸಿಡಿಯುತ್ತವೆ. ಮರದ ಸೌಟಿನಿಂದ ತಳವನ್ನು ಕೆರೆಯುತ್ತಾ ತಿರುವಿ, ಗಟ್ಟಿಯೆನಿಸಿದರೆ ಎತ್ತಿಟ್ಟ ನೀರನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ತಳದ ಮೇಲೆ ಸೌಟು ಎಳೆದಾಗ ಮೂಡುವ ದಾರಿ ಒಂದು ಕ್ಷಣ ಹಾಗೆಯೇ ನಿಂತು, ನಿಧಾನವಾಗಿ ಮುಚ್ಚಿಕೊಂಡರೆ ಇಳಿಸುವ ಸಮಯ ಬಂತೆಂದು ತಿಳಿಯಿರಿ. ಇನ್ನೂ ಸ್ವಲ್ಪ ತೆಳ್ಳಗಿದೆ ಎನಿಸುವಾಗಲೇ ಇಳಿಸಬೇಕು, ಏಕೆಂದರೆ ಆರಿದಂತೆ ಪಿಷ್ಟ ಬಿಗಿದು ಅದು ಬಹಳ ಗಟ್ಟಿಯಾಗುತ್ತದೆ. ಒಲೆಯ ಮೇಲೆಯೇ ಬೇಕಾದಷ್ಟು ಗಟ್ಟಿ ಮಾಡಿದವರಿಗೆ ಮರುದಿನ ಚಾಕುವೇ ಬೇಕಾದೀತು.

ಇಳಿಸಿದ ಮೇಲೆ 40 ಗ್ರಾಂ ಬೆಣ್ಣೆ, ಕಾಲು ಚಮಚ ಬಿಳಿ ಮೆಣಸಿನ ಪುಡಿ ಹಾಕಿ ಮಸೆಯಿರಿ. ಕಡೆಗೋಲಿನಲ್ಲಿ ಮಸೆದರೆ ಸ್ವಲ್ಪ ತರಿಯಾಗಿ ಉಳಿಯುತ್ತದೆ, ಜರಡಿಯಲ್ಲಿ ಒತ್ತಿದರೆ ನುಣ್ಣಗಾಗುತ್ತದೆ. ನನಗೆ ತರಿಯಾದದ್ದೇ ಇಷ್ಟ. ಮಿಕ್ಸಿಯಲ್ಲಿ ರುಬ್ಬಬೇಡಿ, ಪಿಷ್ಟ ಅಂಟಾಗಿ ಬಾಯಿಗೆ ಹತ್ತುತ್ತದೆ. ಉಪ್ಪಿನ ಮಾತು ಬರುವುದು ಈಗಲೇ, ರುಚಿ ನೋಡಿದ ಮೇಲೆ, ಅದೂ ಬೇಕೆನಿಸಿದರೆ ಮಾತ್ರ. ನಿಂಬೆ, ಟೊಮೆಟೊ, ವಿನೆಗರ್ ಮೊದಲಾದ ಹುಳಿಯ ಯಾವ ಪದಾರ್ಥವನ್ನೂ ಬೇಳೆ ಬೇಯುವ ಮೊದಲು ಸೇರಿಸಬಾರದು, ಹುಳಿ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ.

ಬಟ್ಟೆಯಲ್ಲಿ ಕಟ್ಟುವ ಕ್ರಮವನ್ನು ಮಾಡಿ ನೋಡಬಯಸುವವರು, ಬಣ್ಣ ಬಿಡದ, ಸಾಬೂನಿನ ವಾಸನೆಯಿಲ್ಲದ, ಸುಮಾರು 45 ಸೆಂಟಿಮೀಟರ್ ಚೌಕದ ಬಿಳಿ ಮಲ್ ಬಟ್ಟೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಹಿಂಡಿಕೊಳ್ಳಬೇಕು. ನೆನೆದ ಬೇಳೆಯನ್ನು ನಡುವೆ ಹಾಕಿ, ಉಬ್ಬಲು ಜಾಗ ಬಿಟ್ಟು ಸಡಿಲವಾಗಿ ಗಂಟು ಕಟ್ಟಿ, ದಾರದ ತುದಿಯನ್ನು ಪಾತ್ರೆಯ ಹಿಡಿಗೆ ಬಿಗಿಯಿರಿ. ಜಾಗ ಸಾಲದಿದ್ದರೆ ನಡುವಿನ ಬೇಳೆ ಬೇಯದೆ ಉಳಿಯುತ್ತದೆ. ಮಾಂಸ ಬೇಯಲು ಇನ್ನೂ 2 ಗಂಟೆ ಬಾಕಿಯಿರುವಾಗ ಈ ಗಂಟನ್ನು ಅದೇ ಪಾತ್ರೆಗೆ ಇಳಿಬಿಟ್ಟು, ಮುಳುಗಿರುವಂತೆ ನೋಡಿಕೊಳ್ಳಿ. ಬೆಂದ ಮೇಲೆ ಬಿಚ್ಚಿ, ಬೆಣ್ಣೆ, ಮೆಣಸಿನ ಪುಡಿ ಮತ್ತು ಒಡೆದು ಕಲಕಿದ ಒಂದು ಮೊಟ್ಟೆ ಸೇರಿಸಿ ಮಸೆದು, ಈ ಸಲ ಬಿಗಿಯಾಗಿ ಕಟ್ಟಿ, ಮತ್ತೆ ಅರ್ಧ ಗಂಟೆ ಕುದಿಸಬೇಕು. ಮೊಟ್ಟೆ ಹಿಡಿದಿಟ್ಟುಕೊಳ್ಳುವುದರಿಂದ ಬಿಚ್ಚಿದಾಗ ಬಟ್ಟೆಯ ನೆರಿಗೆಯ ಗುರುತು ಹೊತ್ತ ದುಂಡನೆಯ ಉಂಡೆ ಸಿಗುತ್ತದೆ. ಕೆಲಸ ಹೆಚ್ಚು, ಆದರೆ ಹ್ಯಾಮ್‌ನ ರುಚಿ ಇದರಲ್ಲಿ ಇಳಿದಷ್ಟು ಬೇರೆ ಯಾವ ಕ್ರಮದಲ್ಲಿಯೂ ಇಳಿಯುವುದಿಲ್ಲ.

ಪ್ರೆಶರ್ ಕುಕ್ಕರ್‌ನಲ್ಲಿ ಮಾಡುವವರು ಒಂದು ಎಚ್ಚರಿಕೆ ವಹಿಸಬೇಕು. ಬಟಾಣಿ ಬೇಳೆಯ ನೊರೆ ಆವಿ ಹೋಗುವ ರಂಧ್ರವನ್ನು ಕಟ್ಟಿಬಿಡಬಹುದು. ಆದ್ದರಿಂದ ಕುಕ್ಕರ್‌ನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚುವ ಮೊದಲು ಒಂದು ಕುದಿ ಬರಿಸಿ ನೊರೆ ತೆಗೆಯಿರಿ, ಒಂದು ಚಮಚ ಎಣ್ಣೆ ಹಾಕಿ. ನೆನೆದ 250 ಗ್ರಾಂ ಬೇಳೆಗೆ 700 ಮಿಲಿಲೀಟರ್ ನೀರು, ಸಾಧಾರಣ ಉರಿಯಲ್ಲಿ 4 ಸೀಟಿ ಸಾಕು. ಆವಿ ತಾನಾಗಿ ಇಳಿದ ಮೇಲೆ ತೆರೆದು, ಒಲೆಯ ಮೇಲೆ ತಿರುವುತ್ತಾ ಹದಕ್ಕೆ ತನ್ನಿ.

ಮಾಂಸ ತಿನ್ನದವರಿಗೆ

ಹ್ಯಾಮ್ ಇಲ್ಲದೆಯೂ ಇದನ್ನು ಮಾಡಬಹುದು, ಇಂಗ್ಲೆಂಡಿನಲ್ಲಿಯೂ ಹಾಗೆ ಮಾಡುವವರಿದ್ದಾರೆ. ಆದರೆ ಹ್ಯಾಮ್ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಲೇಬೇಕು, ಬರಿಯ ನೀರಿನಲ್ಲಿ ಬೆಂದ ಬೇಳೆ ಸಪ್ಪೆ. 2 ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, 50 ಗ್ರಾಂ ಬೆಣ್ಣೆಯಲ್ಲಿ, ಕಂದು ಬಣ್ಣಕ್ಕೆ ತಿರುಗಲು ಬಿಡದೆ, ಸಣ್ಣ ಉರಿಯಲ್ಲಿ 20 ನಿಮಿಷ ಬಾಡಿಸಿ. ಅದಕ್ಕೆ ಬೇಳೆ, ಎರಡು ಹೋಳು ಮಾಡಿದ ಕ್ಯಾರೆಟ್, ಸೆಲರಿ, ಸಿಕ್ಕರೆ ಒಂದೆರಡು ಕಡ್ಡಿ ಥೈಮ್ ಮತ್ತು 1 ಲೀಟರ್ ನೀರು ಹಾಕಿ ಮೇಲೆ ಹೇಳಿದಂತೆಯೇ ಬೇಯಿಸಿ. ತರಕಾರಿಯ ಹೋಳುಗಳನ್ನು ಕೊನೆಗೆ ತೆಗೆದುಬಿಡಿ. ಉಪ್ಪನ್ನು ಬೇಳೆ ಬೆಂದ ಮೇಲೆ, ಕೈ ಸ್ವಲ್ಪ ಧಾರಾಳ ಮಾಡಿಯೇ ಹಾಕಬೇಕು. ಇಲ್ಲಿ ಬೆಳ್ಳುಳ್ಳಿ, ಶುಂಠಿಗಳ ಅಗತ್ಯವಿಲ್ಲ.

ಬಡಿಸುವುದು ಮತ್ತು ಉಳಿದದ್ದು

ಬಿಸಿಯಾಗಿರುವಾಗ ಹ್ಯಾಮ್‌ನ ದಪ್ಪ ಹೋಳುಗಳು, ಬೇಯಿಸಿದ ಆಲೂಗಡ್ಡೆ, ಎಲೆಕೋಸು ಇವುಗಳ ಜೊತೆ ಬಡಿಸುತ್ತಾರೆ. ಆದರೆ ಈಶಾನ್ಯ ಇಂಗ್ಲೆಂಡಿನವರಿಗೆ ಇದು ಹೆಚ್ಚು ಪ್ರಿಯವಾಗುವುದು ತಣ್ಣಗಾದ ಮೇಲೆ, ಸ್ಟಾಟಿ ಎಂಬ ಬ್ರೆಡ್ಡಿನ ಒಳಗೆ. ಸ್ಟಾಟಿ ತಟ್ಟೆಯಂತೆ ಚಪ್ಪಟೆಯಾಗಿ ದುಂಡಗಿದ್ದು, ನಡುವೆ ಒಂದು ಕುಳಿಯಿರುತ್ತದೆ, ಕಚ್ಚಿದರೆ ಹಲ್ಲಿಗೆ ಸ್ವಲ್ಪ ಎಳೆತ ಸಿಗುತ್ತದೆ. ಅದನ್ನು ಅಡ್ಡಲಾಗಿ ಸೀಳಿ, ಒಂದು ಮೈಗೆ ಪುಡಿಂಗ್ ಅನ್ನು ಬೆಣ್ಣೆಯಂತೆ ದಪ್ಪನಾಗಿ ಹಚ್ಚಿ, ಮೇಲೆ ಹ್ಯಾಮ್ ಇಟ್ಟು ಮುಚ್ಚುತ್ತಾರೆ. ಸೌತ್ ಶೀಲ್ಡ್ಸ್ ಮತ್ತು ಸಂಡರ್‌ಲೆಂಡ್ ಕಡೆ ಸ್ಯಾವಲೋಯ್ ಎಂಬ ಕೆಂಪು ಸಾಸೇಜನ್ನು ಪೀಸ್ ಪುಡಿಂಗ್ ಮತ್ತು ಸಾಸಿವೆಯೊಡನೆ ಬನ್ನಿನೊಳಗಿಟ್ಟು, ಬನ್ನನ್ನು ಮಾಂಸದ ರಸದಲ್ಲಿ ಅದ್ದಿ ಕೊಡುವುದೂ ಉಂಟು. ನಮ್ಮ ಬೇಕರಿಯ ಸಿಹಿ ಬನ್ನು ಇದಕ್ಕೆ ಒಗ್ಗುವುದಿಲ್ಲ; ಸಿಹಿಯಿಲ್ಲದ, ಸ್ವಲ್ಪ ಗಟ್ಟಿಯಾದ ಬ್ರೆಡ್ ಆಗಬೇಕು.

ಜೊತೆಗೆ ಸಾಸಿವೆ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಇಂಗ್ಲಿಷ್ ಸಾಸಿವೆ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ 10 ನಿಮಿಷ ಬಿಟ್ಟರೆ ಅದರ ಖಾರ ಮೂಗಿಗೇರುತ್ತದೆ. ಬಿಸಿನೀರಿನಲ್ಲಿ ಕಲಸಿದರೆ ಆ ಖಾರವನ್ನು ಹುಟ್ಟಿಸುವ ಕಿಣ್ವವೇ ಸತ್ತು ಪುಡಿ ಕಹಿಯಾಗಿ ಉಳಿಯುತ್ತದೆ. ಪುಡಿಂಗ್‌ನ ಮೆತ್ತನೆಯ ಸಿಹಿಗೆ ಈ ಖಾರ ಸರಿಯಾಗಿ ಕೂಡುತ್ತದೆ. ಬಡಿಸುವಾಗ ಕೆಲವು ಹನಿ ಮಾಲ್ಟ್ ವಿನೆಗರ್ ಹಾಕಿಕೊಳ್ಳುವವರೂ ಇದ್ದಾರೆ.

ಉಳಿದದ್ದನ್ನು ಅಗಲವಾದ ಪಾತ್ರೆಗೆ ಸುರಿದು ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ 3 ದಿನ ಚೆನ್ನಾಗಿರುತ್ತದೆ. ಫ್ರೀಜರ್‌ನಲ್ಲಿ 2 ತಿಂಗಳು ಇಡಬಹುದು. ಮತ್ತೆ ಬಿಸಿ ಮಾಡುವಾಗ ಎತ್ತಿಟ್ಟ ಮಾಂಸದ ನೀರನ್ನೇ ಸ್ವಲ್ಪ ಹಾಕಿ ಸಡಿಲಿಸಿ. ಗಟ್ಟಿಯಾದದ್ದನ್ನು ಬೆರಳ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಕಾದ ಬೆಣ್ಣೆಯಲ್ಲಿ ಎರಡೂ ಮೈ ಹೊಂಬಣ್ಣಕ್ಕೆ ಬರುವಂತೆ ಹುರಿದು, ಬೆಳಗಿನ ತಿಂಡಿಗೆ ಮೊಟ್ಟೆಯೊಡನೆ ತಿನ್ನಬಹುದು. ಹಾಕಿದ ಕೂಡಲೇ ಕದಲಿಸಿದರೆ ಬಿಲ್ಲೆ ಮುರಿಯುತ್ತದೆ, ತಳದ ಮೈ ಗರಿಯಾಗಿ ಬಾಣಲೆಯಿಂದ ತಾನಾಗಿ ಬಿಡುವವರೆಗೆ ಕಾದು ತಿರುವಿ ಹಾಕಿ. ಇನ್ನೂ ಉಳಿದರೆ ಅದರ ಎರಡರಷ್ಟು ಮಾಂಸದ ನೀರು ಬೆರೆಸಿ, ಮೂಳೆಯಿಂದ ಬಿಡಿಸಿದ ಚೂರುಪಾರು ಮಾಂಸ ಹಾಕಿ ಕುದಿಸಿದರೆ ಚಳಿಯ ರಾತ್ರಿಗೆ ಒಂದು ದಪ್ಪನೆಯ ಸೂಪ್ ಆಗುತ್ತದೆ.